ಪಾಪ್ಲರ್ ಎಲೆಯೊಳಗಿನ ಗರಗಸ ನೊಣ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಪ್ಲರ್ ಮರದ ಎಲೆ ಮೇಲೆ ಕಂದು ಕಲೆ ಕಂಡ ಕೂಡಲೇ ಹೆಚ್ಚಿನವರ ಬಾಯಿಗೆ ಬರುವ ಮೊದಲ ಪ್ರಶ್ನೆ, "ಏನು ಔಷಧಿ ಹೊಡೀಬೇಕು?" ಆ ಪ್ರಶ್ನೆಗೆ ಇಲ್ಲಿ ಉತ್ತರ ಇದೆ, ಆದರೆ ಸ್ವಲ್ಪ ಕೆಳಗೆ. ಅದಕ್ಕೆ ಮುಂಚೆ ಎಲೆಯೊಳಗೆ ಯಾರಿದ್ದಾರೆ, ಇನ್ನೂ ಇದ್ದಾರಾ ಅಥವಾ ಜಾಗ ಖಾಲಿ ಮಾಡಿ ಹೋಗಿಬಿಟ್ಟಿದ್ದಾರಾ ಅನ್ನುವುದು ಗೊತ್ತಾಗಬೇಕು. ಹೆಚ್ಚಿನ ಸಲ ಹೋಗಿಬಿಟ್ಟಿರುತ್ತಾರೆ.

ಗರಗಸ ನೊಣ ಅಂದರೆ ನೊಣವೇನಾ?

ಅಲ್ಲ. ನೊಣಕ್ಕೆ ಇರುವುದು ಒಂದೇ ಜೊತೆ ರೆಕ್ಕೆ. ಇದಕ್ಕೆ ಎರಡು ಜೊತೆ. ಜೇನುಹುಳು, ಇರುವೆ, ಕಣಜಗಳ ಬಳಗಕ್ಕೆ ಸೇರಿದ ಕೀಟ ಇದು. ಆದರೆ ಕಣಜದ ಸಪೂರ ಸೊಂಟ ಇದಕ್ಕಿಲ್ಲ, ಎದೆ ಮತ್ತು ಹೊಟ್ಟೆ ಒಂದೇ ಅಗಲದಲ್ಲಿ ಕೂಡಿಕೊಂಡಿರುತ್ತವೆ. ಆ ಬಳಗದಲ್ಲಿ ಎಲ್ಲರಿಗಿಂತ ಹಳಬರು ಈ ಗರಗಸ ನೊಣಗಳೇ. ಇವುಗಳ ಪಳೆಯುಳಿಕೆ 20 ಕೋಟಿ ವರ್ಷಕ್ಕೂ ಹಿಂದಿನ ಬಂಡೆಗಳಲ್ಲಿ ಸಿಕ್ಕಿದೆ. ಜೇನು, ಇರುವೆ ಎಲ್ಲ ಆಮೇಲೆ ಬಂದವು.

ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮೊಟ್ಟೆ ಇಡುವ ಅಂಗ ಇದೆಯಲ್ಲ, ಅದು ನಿಜವಾಗಿಯೂ ಹಲ್ಲು ಹಲ್ಲಾಗಿರುವ ಗರಗಸ. ಅದರಿಂದ ಎಲೆಯನ್ನು ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಪ್ರಪಂಚದಲ್ಲಿ ಸುಮಾರು 8,000 ಜಾತಿಯ ಗರಗಸ ನೊಣಗಳಿವೆ. ಅವುಗಳಲ್ಲಿ ಬಹುಪಾಲು ಹುಳುಗಳು ಎಲೆಯ ಹೊರಗೆ ಕೂತು ತಿನ್ನುತ್ತವೆ. ಎಲೆಯ ಒಳಗೇ ಸೇರಿಕೊಂಡು ತಿನ್ನುವವು ಸ್ವಲ್ಪವೇ.

ಕುಟುಕುತ್ತದಾ?

ಇಲ್ಲ. ಗರಗಸ ಎಲೆಗೆ, ನಮಗಲ್ಲ.

ಪಾಪ್ಲರ್ ಎಲೆಯೊಳಗೆ ಇರುವುದು ಯಾವ ಜಾತಿ?

ಒಂದಲ್ಲ, ಕೆಲವು ಇವೆ. ಯೂರೋಪಿನಲ್ಲಿ ಮುಖ್ಯವಾಗಿ ಫೆನುಸೆಲ್ಲಾ ಕುಲದ ಎರಡು ಹೆಸರು ಕೇಳಿಬರುತ್ತವೆ. ಫೆನುಸೆಲ್ಲಾ ಹೋರ್ಟುಲಾನಾ ಹೆಚ್ಚಾಗಿ ಕಪ್ಪು ಪಾಪ್ಲರ್ ಮತ್ತು ಅದರ ಮಿಶ್ರತಳಿಗಳ ಮೇಲೆ ಸಿಗುತ್ತದೆ. ಫೆನುಸೆಲ್ಲಾ ಗ್ಲಾಕೋಪಿಸ್ ಆಸ್ಪೆನ್ ಕಡೆಗೆ ಒಲವು ಜಾಸ್ತಿ ಇರುವ ಜಾತಿ. ಇವೆರಡೂ ಟೆಂಥ್ರೆಡಿನಿಡೆ ಅನ್ನುವ ದೊಡ್ಡ ಕುಟುಂಬಕ್ಕೆ ಸೇರಿದವು. ಅದೇ ಕುಟುಂಬದ ಹೆಟೆರಾರ್ಥ್ರಸ್ ಓಕ್ರೋಪೋಡಾ ಕೂಡ ಪಾಪ್ಲರ್ ಎಲೆಯೊಳಗೇ ಬೆಳೆಯುತ್ತದೆ. ಅದರ ವಿಷಯ ಸ್ವಲ್ಪ ಬೇರೆ, ಮುಂದೆ ಹೇಳುತ್ತೇನೆ. ಉತ್ತರ ಅಮೆರಿಕದ ಪಾಪ್ಲರ್‌ಗಳಿಗೂ ಇವುಗಳ ಹತ್ತಿರದ ನೆಂಟರು ಇದ್ದಾರೆ.

ಹಳೆಯ ಪುಸ್ತಕ ತೆರೆದರೆ ಫೆನುಸೆಲ್ಲಾ ಬದಲು ಮೆಸ್ಸಾ ಅಂತ ಇರುತ್ತದೆ. ಎರಡೂ ಒಂದೇ ಕೀಟ, ಗಾಬರಿ ಬೇಡ. ಹೋರ್ಟುಲಾನಾಕ್ಕೆ ಹೆಸರಿಟ್ಟವರು ಬರ್ಲಿನ್ನಿನ ಕೀಟತಜ್ಞ ಕ್ಲುಗ್. ಗ್ಲಾಕೋಪಿಸ್‌ಗೆ ಹೆಸರಿಟ್ಟ ಕೊನೊವ್ ಜರ್ಮನಿಯ ಒಬ್ಬ ಪಾದ್ರಿ. ಚರ್ಚಿನ ಕೆಲಸದ ಜೊತೆಗೆ ಗರಗಸ ನೊಣಗಳ ಹಿಂದೆ ಬಿದ್ದಿದ್ದ ಮನುಷ್ಯ. ಆ ಕಾಲದ ಕೀಟಶಾಸ್ತ್ರದಲ್ಲಿ ಅರ್ಧ ಕೆಲಸ ಇಂಥವರದ್ದೇ.

ಪಾಪ್ಲರ್, ಆಸ್ಪೆನ್, ಕಾಟನ್‌ವುಡ್ ಎಲ್ಲ ಒಂದೇನಾ?

ಮೂರೂ ಪಾಪ್ಯುಲಸ್ ಅನ್ನುವ ಒಂದೇ ಕುಲದ ಮರಗಳು. ವಿಲ್ಲೋ ಇವುಗಳ ದಾಯಾದಿ. ತಂಪು ದೇಶಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ, ವಸಂತದಲ್ಲಿ ಚಿಗುರುವ ಮರಗಳು ಇವು. ಆಸ್ಪೆನ್ ಎಲೆಯ ತೊಟ್ಟು ಚಪ್ಪಟೆಯಾಗಿರುತ್ತದೆ, ಅದಕ್ಕೇ ಸ್ವಲ್ಪ ಗಾಳಿಗೂ ಎಲೆ ಗಡಗಡ ಅಂತ ನಡುಗುತ್ತದೆ. ಹುಳು ಗುರುತಿಸುವ ಮೊದಲು ಮರ ಗುರುತಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ದೊಡ್ಡ ಕೀಟ ನೋಡೋಕೆ ಹೇಗಿರುತ್ತದೆ? ನಾನು ಒಂದನ್ನೂ ನೋಡಿಲ್ಲವಲ್ಲ!

ನೋಡದೇ ಇರುವುದೇ ಸಹಜ. ಉದ್ದ 3ರಿಂದ 4 ಮಿಲಿಮೀಟರ್ ಅಷ್ಟೇ. ಮೈ ಕಪ್ಪು, ರೆಕ್ಕೆಗೆ ಸ್ವಲ್ಪ ಹೊಗೆ ಬಣ್ಣ. ವಸಂತದಲ್ಲಿ ಕೆಲವೇ ವಾರ ಓಡಾಡಿಕೊಂಡಿರುತ್ತದೆ. ಎಲೆ ಮೇಲೆ ಕೂತಿದ್ದರೂ ಯಾವುದೋ ಚಿಕ್ಕ ಗುಂಗುರು ಅಂದುಕೊಂಡು ಮುಂದೆ ಹೋಗುತ್ತೇವೆ. ಫೆನುಸೆಲ್ಲಾದ ಹತ್ತಿರದ ಜಾತಿಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಅಂದರೆ, ತಜ್ಞರು ಕೂಡ ಹೆಣ್ಣಿನ ಗರಗಸದ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿಯೇ ಹೆಸರು ಹೇಳುತ್ತಾರೆ. ಹಾಗಾಗಿ ಹಾರುವ ಕೀಟದ ಬೆನ್ನು ಹತ್ತುವುದಕ್ಕಿಂತ ಎಲೆ ನೋಡಿ ಪತ್ತೆ ಮಾಡುವುದು ಸುಲಭ. ಯಾವ ಮರ, ಎಂಥ ಕಲೆ, ಯಾವ ತಿಂಗಳು, ಈ ಮೂರು ಗೊತ್ತಿದ್ದರೆ ಕುಲದವರೆಗೆ ಧೈರ್ಯವಾಗಿ ಹೇಳಬಹುದು.

ಎಲೆಯೊಳಗೆ ಹುಳು ಹೋಗುವುದು ಹೇಗೆ? ಅಲ್ಲಿಂದ ಎಲ್ಲಿಗೆ ಹೋಗುತ್ತದೆ?

ಈ ಕೀಟದ ವರ್ಷದ ಲೆಕ್ಕ ಅರ್ಥವಾದರೆ ಉಳಿದ ಪ್ರಶ್ನೆಗಳೆಲ್ಲ ಸಲೀಸು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಸಂತದಲ್ಲಿ ಪಾಪ್ಲರ್ ಮೊಗ್ಗು ಒಡೆದು ಎಳೆ ಎಲೆ ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಗರಗಸ ನೊಣ ನೆಲದಿಂದ ಮೇಲೆ ಬರುತ್ತದೆ. ಯೂರೋಪಿನಲ್ಲಿ ಇದು ಹೆಚ್ಚುಕಮ್ಮಿ ಏಪ್ರಿಲ್ ಕೊನೆ, ಮೇ ತಿಂಗಳ ಸುಮಾರು. ಈ ಸಮಯ ತಪ್ಪಿದರೆ ಕೀಟಕ್ಕೆ ಕಷ್ಟ. ಎಲೆ ಬಲಿತು ಗಟ್ಟಿಯಾದರೆ ಅಷ್ಟು ಚಿಕ್ಕ ಗರಗಸಕ್ಕೆ ಸೀಳುವುದು ಸುಲಭವಲ್ಲ, ಮರಿಹುಳುವಿನ ಪುಟ್ಟ ದವಡೆಗೂ ಅಗಿಯಲು ಆಗುವುದಿಲ್ಲ.

ಹೆಣ್ಣು ಎಳೆ ಎಲೆಯಲ್ಲಿ, ಸಾಮಾನ್ಯವಾಗಿ ಅಂಚಿನ ಹತ್ತಿರ, ಸಣ್ಣದಾಗಿ ಸೀಳಿ ಮೊಟ್ಟೆ ತೂರಿಸುತ್ತದೆ. ಮೊಟ್ಟೆ ಒಡೆದ ಮರಿ ಹೊರಗೆ ಬರುವುದೇ ಇಲ್ಲ. ಹುಟ್ಟಿದ್ದು ಎಲೆಯೊಳಗೆ, ಮೊದಲ ತುತ್ತೂ ಅಲ್ಲೇ. ಎಲೆಯ ಮೇಲಿನ ಸಿಪ್ಪೆ, ಕೆಳಗಿನ ಸಿಪ್ಪೆ ಎರಡನ್ನೂ ಹಾಗೇ ಬಿಟ್ಟು ನಡುವಿನ ಹಸಿರು ತಿರುಳನ್ನು ಮಾತ್ರ ತಿನ್ನುತ್ತದೆ. ದಿಂಬಿನ ಗವಸಿನಿಂದ ಹತ್ತಿ ತೆಗೆದ ಹಾಗೆ, ಗವಸು ಉಳಿಯುತ್ತದೆ, ಒಳಗೆ ಖಾಲಿ. ಮೊದಮೊದಲು ಅಂಚಿನಲ್ಲಿ ಒಂದು ಸಣ್ಣ ಮಾಸಲು ಗುರುತು. ದಿನ ಕಳೆದಂತೆ ಅದು ಅಗಲವಾಗಿ ಹರಡುತ್ತಾ ಎಲೆಯ ನಡುವಿನ ಕಡೆಗೆ ಬರುತ್ತದೆ. ಒಂದೇ ಎಲೆಯಲ್ಲಿ ನಾಲ್ಕೈದು ಮೊಟ್ಟೆ ಇದ್ದರೆ ಅಷ್ಟೂ ಕಲೆಗಳು ಬೆಳೆದು ಒಂದಕ್ಕೊಂದು ಸೇರಿಬಿಡುತ್ತವೆ. ಆಮೇಲೆ ಆ ಒಂದು ದೊಡ್ಡ ಕೋಣೆಯಲ್ಲಿ ಹಲವು ಹುಳುಗಳ ಸಂಸಾರ.

ಹೊಟ್ಟೆ ತುಂಬಿ ಬಲಿತ ಹುಳು ಎಲೆಯ ಸಿಪ್ಪೆ ಕತ್ತರಿಸಿ ನೆಲಕ್ಕೆ ಬೀಳುತ್ತದೆ. ಮಣ್ಣಿನೊಳಗೆ ಸ್ವಲ್ಪ ಆಳಕ್ಕಿಳಿದು ಒಂದು ಗೂಡು ಮಾಡಿಕೊಂಡು ಮುದುಡಿ ಮಲಗಿಬಿಡುತ್ತದೆ. ಬೇಸಿಗೆ, ಶರತ್ಕಾಲ, ಪೂರ್ತಿ ಚಳಿಗಾಲ ಅಲ್ಲೇ, ಏನೂ ತಿನ್ನದೆ. ಮುಂದಿನ ವಸಂತ ಹತ್ತಿರ ಬಂದಾಗಲೇ ಕೋಶಾವಸ್ಥೆಗೆ ಹೋಗಿ ರೆಕ್ಕೆ ಪಡೆಯುವುದು. ಅಂದರೆ ವರ್ಷಕ್ಕೆ ಒಂದೇ ತಲೆಮಾರು, ಅದರಲ್ಲಿ ಒಂಬತ್ತು ಹತ್ತು ತಿಂಗಳು ಮಣ್ಣಿನಲ್ಲೇ. ಗರಗಸ ನೊಣಗಳ ಪೈಕಿ ಕೆಲವು ಹುಳುಗಳು ಒಂದು ವಸಂತ ಬಿಟ್ಟು ಇನ್ನೊಂದಕ್ಕೆ ಏಳುವುದೂ ಉಂಟು. ಒಂದು ವರ್ಷದ ಹವೆ ಕೈಕೊಟ್ಟರೂ ಸಂತಾನ ಪೂರ್ತಿ ನಾಶವಾಗದಿರಲಿ ಅನ್ನುವಂಥ ಏರ್ಪಾಡು.

ಹೆಟೆರಾರ್ಥ್ರಸ್ ಕುಲದ್ದು ಬೇರೆ ರೀತಿ. ಆ ಹುಳುಗಳು ಎಲೆಯ ಸಿಪ್ಪೆಯನ್ನೇ ಬಳಸಿ ದುಂಡಗಿನ ಚಪ್ಪಟೆ ಬಿಲ್ಲೆಯಂಥ ಗೂಡು ಕಟ್ಟಿಕೊಳ್ಳುತ್ತವೆ. ಕಲೆಯ ನಡುವೆ ಅಚ್ಚುಕಟ್ಟಾದ ದುಂಡು ಬಿಲ್ಲೆ ಕಂಡರೆ ಅದು ಫೆನುಸೆಲ್ಲಾ ಅಲ್ಲ.

ಕಲೆ ಕಂದಾಗಿದೆ. ಒಳಗೆ ಹುಳು ಇದೆಯಾ ಅಂತ ಹೇಗೆ ತಿಳಿಯುವುದು?

ಎಲೆ ಕಿತ್ತು ಆಕಾಶದ ಕಡೆ ಹಿಡಿಯಿರಿ. ಕಲೆಯ ಜಾಗ ಎಣ್ಣೆ ಸವರಿದ ಕಾಗದದ ತರಹ ಬೆಳಕು ಬಿಡುತ್ತದೆ. ಅದರೊಳಗೆ ಬಿಳಿಚಿದ, ಚಪ್ಪಟೆ ಮೈಯ ಒಂದು ಹುಳು ನಿಧಾನಕ್ಕೆ ಅಲ್ಲಾಡುವುದು ಕಂಡರೆ ಇನ್ನೂ ಮನೆಯಲ್ಲೇ ಇದೆ ಅಂತ ಅರ್ಥ. ಭೂತಗನ್ನಡಿ ಇದ್ದರೆ ಕಂದು ಬಣ್ಣದ ತಲೆ ಮುಂದಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ತಲೆ ಬೆಣೆಯ ತರಹ ಚಪ್ಪಟೆ. ಎರಡು ಸಿಪ್ಪೆಗಳ ನಡುವೆ ನುಗ್ಗಬೇಕಲ್ಲ, ತಲೆ ಎತ್ತರಕ್ಕಿದ್ದರೆ ಆಗುವುದಿಲ್ಲ. ಕಾಲುಗಳು ಗಿಡ್ಡ, ಹೊಟ್ಟೆಯ ಕೆಳಗಿನವು ಇದ್ದೂ ಇಲ್ಲದ ಹಾಗೆ. ತಿಂದ ಜಾಗದಲ್ಲಿ ಕಪ್ಪು ಹಿಕ್ಕೆ ಕಾಳು ಕಾಳಾಗಿ ಚೆಲ್ಲಾಡಿರುತ್ತದೆ.

ಹುಳು ಕಾಣದೆ ಬರೀ ಹಿಕ್ಕೆ ಇದ್ದರೆ ಕಲೆಯನ್ನು ಸುತ್ತಲೂ ಹುಡುಕಿ. ಸಿಪ್ಪೆಯಲ್ಲಿ ಸಣ್ಣ ಸೀಳು ಅಥವಾ ತೂತು ಸಿಗುತ್ತದೆ. ಹುಳು ಅಲ್ಲಿಂದ ಇಳಿದು ಹೋಗಿದೆ. ಸೀಳು ಇಲ್ಲ, ಹುಳು ಇದೆ, ಆದರೆ ಒಣಗಿ ಕರ್ರಗಾಗಿದೆ, ಪಕ್ಕದಲ್ಲಿ ಸಣ್ಣ ಕಪ್ಪು ಕೋಶವೊಂದು ಕೂತಿದೆ ಅಂದರೆ ಪರಾವಲಂಬಿ ಕಣಜ ಬಂದು ಕೆಲಸ ಮುಗಿಸಿದೆ.

ಕಲೆ ಹಸಿರು ಮಿಶ್ರಿತ ಬಿಳಿ ಬಣ್ಣದಲ್ಲಿದ್ದಾಗ ಯಾರೂ ಗಮನಿಸುವುದಿಲ್ಲ. ಪೂರ್ತಿ ಒಣಗಿ ಕಂದಾದ ಮೇಲೆ ದೂರದಿಂದ ಕಣ್ಣಿಗೆ ಹೊಡೆಯುತ್ತದೆ. ಅಷ್ಟು ಹೊತ್ತಿಗೆ ಹುಳು ಮಣ್ಣು ಸೇರಿಯಾಗಿರುತ್ತದೆ. "ಇದ್ದಕ್ಕಿದ್ದಂತೆ ಎಲೆ ಎಲ್ಲ ಕಂದಾಯಿತು" ಅನ್ನುವವರು ನೋಡುತ್ತಿರುವುದು ಹಲವು ವಾರ ಹಳೆಯ ಸುದ್ದಿ.

ಪಾಪ್ಲರ್ ಎಲೆಯಲ್ಲಿ ಬೇರೆ ರಂಗೋಲಿ ಹುಳುಗಳೂ ಇರುತ್ತವಂತೆ. ಗೊಂದಲ ಆಗುತ್ತದೆ.

ಆಗುತ್ತದೆ, ಯಾಕೆಂದರೆ ಎಲೆಯೊಳಗೆ ಬದುಕುವ ಚಾಳಿ ನಾಲ್ಕು ದೊಡ್ಡ ಕೀಟ ಗುಂಪುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ: ಪತಂಗ, ನೊಣ, ಜೀರುಂಡೆ, ಗರಗಸ ನೊಣ. ಪಾಪ್ಲರ್ ಪಾಪ, ನಾಲ್ಕಕ್ಕೂ ಊಟ ಹಾಕುತ್ತದೆ.

ಎಲೆ ಮೇಲೆ ಬಸವನಹುಳು ಹರಿದು ಹೋದಂತೆ ಬೆಳ್ಳಿ ಬಣ್ಣದ ಅಂಕುಡೊಂಕು ದಾರಿ ಇದ್ದರೆ ಅದು ಫಿಲ್ಲೋಕ್ನಿಸ್ಟಿಸ್ ಅನ್ನುವ ಪುಟ್ಟ ಪತಂಗದ ಮರಿ. ಅದು ತಿರುಳಿಗೂ ಇಳಿಯುವುದಿಲ್ಲ, ಎಲೆಯ ಮೇಲಿನ ಅಥವಾ ಕೆಳಗಿನ ಸಿಪ್ಪೆಯ ಜೀವಕೋಶಗಳ ರಸವನ್ನಷ್ಟೇ ಹೀರುತ್ತದೆ. ಗರಗಸ ನೊಣದ ಕಲೆಯ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವ ಪ್ರಶ್ನೆಯೇ ಇಲ್ಲ, ಒಂದು ಸಲ ನೋಡಿದರೆ ಸಾಕು.

ಎಲೆಯ ಕೆಳಭಾಗದಲ್ಲಿ ಗುಡಾರದಂತೆ ಉಬ್ಬಿದ, ಸಿಪ್ಪೆ ಸುಕ್ಕುಗಟ್ಟಿದ ಚಿಕ್ಕ ಮಚ್ಚೆಗಳು ಫಿಲ್ಲೋನೋರಿಕ್ಟರ್ ಪತಂಗದ್ದು. ಅದರ ಹುಳು ಒಳಗೆ ರೇಷ್ಮೆ ನೂಲು ಎಳೆದು ಸಿಪ್ಪೆಯನ್ನು ಬಿಗಿಯುತ್ತದೆ, ಕೋಶವೂ ಅಲ್ಲೇ.

ನಿಜವಾದ ತಲೆನೋವು ಜ್ಯೂಗೋಫೋರಾ ಜೀರುಂಡೆ. ಅದರ ಮರಿಯೂ ಪಾಪ್ಲರ್ ಎಲೆಯಲ್ಲಿ ಅಗಲವಾದ ಕಲೆಯನ್ನೇ ಮಾಡುತ್ತದೆ. ಆದರೆ ಆ ಕಲೆ ಕಪ್ಪಾಗಿ ಕಾಣುತ್ತದೆ, ಹುಳುವಿಗೆ ಕಾಲೇ ಇರುವುದಿಲ್ಲ. ಜೊತೆಗೆ ದೊಡ್ಡ ಜೀರುಂಡೆ ಎಲೆಯನ್ನು ಕೆರೆದು ತಿಂದ ಗುರುತುಗಳೂ ಅದೇ ಮರದಲ್ಲಿ ಸಿಗುತ್ತವೆ. ನೊಣದ ಮರಿಯಾದರೆ ಗಟ್ಟಿ ತಲೆಯೇ ಇಲ್ಲ, ಮುಂದೆ ಎರಡು ಕಪ್ಪು ಕೊಕ್ಕೆ ಮಾತ್ರ ಕಾಣುತ್ತವೆ.

ಶರತ್ಕಾಲದಲ್ಲಿ ಉದುರಿದ ಹಳದಿ ಆಸ್ಪೆನ್ ಎಲೆಯ ಬುಡದಲ್ಲಿ ಮಾತ್ರ ಒಂದು ತುಂಡು ಹಸಿರಾಗೇ ಉಳಿದಿದ್ದರೆ, ಅದು ಎಕ್ಟೋಎಡೀಮಿಯಾ ಪತಂಗದ ಕೆಲಸ. ತೊಟ್ಟಿನೊಳಗೆ ಬೆಳೆದು ಕೊನೆಗೆ ಎಲೆಗೆ ಬರುತ್ತದೆ. ಅದು ಇರುವ ಜಾಗ ಮಾತ್ರ ಹಸಿರು, ಉಳಿದ ಎಲೆ ಸತ್ತಿರುತ್ತದೆ. ಇದಕ್ಕೂ ನಮ್ಮ ವಿಷಯಕ್ಕೂ ಸಂಬಂಧ ಇಲ್ಲ, ಆದರೂ ನೋಡಲೇಬೇಕಾದ್ದು.

ಕಲೆ ಇದೆ, ಆದರೆ ಎರಡು ಸಿಪ್ಪೆ ಬೇರೆಯಾಗಿಲ್ಲ. ಆಗ?

ಹಾಗಾದರೆ ಹುಳು ಅಲ್ಲ, ಬಹುಶಃ ಶಿಲೀಂಧ್ರ ರೋಗ. ಸಣ್ಣ ಸಣ್ಣ ಕಡುಕಂದು ಚುಕ್ಕೆಗಳು ಎಲೆ ತುಂಬ ಇದ್ದರೆ ಮಾರ್ಸೊನಿನಾ ಎಲೆಚುಕ್ಕೆ ರೋಗ ಇರಬಹುದು. ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತಿದರೆ ಮೆಲಾಂಪ್ಸೋರಾ ತುಕ್ಕು ರೋಗ. ಕಲೆಯ ಮೇಲೆ ಉಗುರಿನಿಂದ ಮೆತ್ತಗೆ ಕೆರೆದು ನೋಡಿ. ಸಿಪ್ಪೆ ಎದ್ದು ಬಂದು ಒಳಗೆ ಟೊಳ್ಳು ಕಂಡರೆ ಮಾತ್ರ ಹುಳುವಿನ ಕೆಲಸ.

ಮರ ಸಾಯುತ್ತದಾ?

ಇಲ್ಲ. ಆರೋಗ್ಯವಾಗಿರುವ ಪಾಪ್ಲರ್ ಮರ ಈ ಕೀಟದಿಂದ ಸಾಯುವುದಿಲ್ಲ.

ಸುಮ್ನೆ ಸಮಾಧಾನ ಹೇಳುವುದಕ್ಕೆ ಈ ಮಾತಲ್ಲ. ಪಾಪ್ಲರ್ ಎಲೆ ಬಿಡುವ ಕ್ರಮ ನೋಡಿದರೆ ಕಾರಣ ಗೊತ್ತಾಗುತ್ತದೆ. ವಸಂತದಲ್ಲಿ ಬರುವ ಮೊದಲ ಎಲೆಗಳು ಹಿಂದಿನ ವರ್ಷವೇ ಮೊಗ್ಗಿನೊಳಗೆ ತಯಾರಾಗಿದ್ದವು. ಅವೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಗರಗಸ ನೊಣ ಮೊಟ್ಟೆ ಇಡುವುದು ಇವುಗಳ ಮೇಲೆ. ಆದರೆ ಚುರುಕಾಗಿ ಬೆಳೆಯುವ ಪಾಪ್ಲರ್ ರೆಂಬೆಗಳು ಅಲ್ಲಿಗೇ ನಿಲ್ಲುವುದಿಲ್ಲ. ಬೇಸಿಗೆ ಪೂರ್ತಿ ತುದಿಯಲ್ಲಿ ಹೊಸ ಎಲೆ ಬಿಡುತ್ತಾ ಹೋಗುತ್ತವೆ. ಆ ಎಲೆಗಳು ಬರುವ ಹೊತ್ತಿಗೆ ಮೊಟ್ಟೆ ಇಡುವ ಕೀಟಗಳ ಆಯಸ್ಸು ಮುಗಿದಿರುತ್ತದೆ. ಅದಕ್ಕೇ ಜುಲೈನಲ್ಲಿ ಒಂದು ರೆಂಬೆ ನೋಡಿದರೆ ಬುಡದ ಎಲೆಗಳು ಕಂದು ಕಂದು, ತುದಿಯ ಎಲೆಗಳು ಹೊಳಪಾಗಿ ಹಸಿರು.

ಇನ್ನೊಂದು ವಿಷಯ. ಕಲೆ ಎಲೆಯ ಅರ್ಧ ತಿಂದರೂ ಉಳಿದ ಅರ್ಧ ಕೆಲಸ ಮಾಡುತ್ತಿರುತ್ತದೆ. ನಷ್ಟ ಎಷ್ಟು ಅನ್ನುವುದು ಹುಳು ಎಲೆಯ ಯಾವ ಪದರ ಹಾಳು ಮಾಡಿತು ಅನ್ನುವುದರ ಮೇಲೂ ನಿಂತಿದೆ. ಅಲಾಸ್ಕಾದಲ್ಲಿ ಆಸ್ಪೆನ್ ಮರಗಳಿಗೆ ಮೇಲೆ ಹೇಳಿದ ಬೆಳ್ಳಿ ದಾರಿಯ ಪತಂಗ ವರ್ಷಗಟ್ಟಲೆ ಮುತ್ತಿಗೆ ಹಾಕಿತ್ತು. ಅಲ್ಲಿ ಅಧ್ಯಯನ ಮಾಡಿದವರಿಗೆ ತಿಳಿದದ್ದು ಇದು: ಎಲೆಯ ಮೇಲ್ಭಾಗದ ಗೀಚಿಗಿಂತ ಕೆಳಭಾಗದ ಗೀಚಿನಿಂದ ಮರಕ್ಕೆ ಪೆಟ್ಟು ಜಾಸ್ತಿ. ಆಸ್ಪೆನ್ ಎಲೆಯ ಉಸಿರುರಂಧ್ರಗಳು ಇರುವುದು ಕೆಳಗಡೆ. ಅಲ್ಲಿನ ಸಿಪ್ಪೆ ಕೆಟ್ಟರೆ ರಂಧ್ರ ಸರಿಯಾಗಿ ತೆರೆಯುವುದಿಲ್ಲ, ಎಲೆ ಹಸಿರಾಗಿ ಕಂಡರೂ ಆಹಾರ ತಯಾರಿಸುವುದು ಕಮ್ಮಿಯಾಗುತ್ತದೆ. ನೋಡೋಕೆ ಸಾಧಾರಣ ಅನ್ನಿಸಿದ ಹಾನಿ ಹೆಚ್ಚು, ನೋಡೋಕೆ ಭಯಂಕರವಾದ ಕಲೆಯದ್ದು ಕಮ್ಮಿ ಆಗಿರಬಹುದು. ಬರೀ ಬಣ್ಣ ನೋಡಿ ತೀರ್ಮಾನಕ್ಕೆ ಬರಬಾರದು.

ಎಳೆಯ ಸಸಿ, ಹೊಸದಾಗಿ ನೆಟ್ಟ ಗಿಡ, ನೀರಿಲ್ಲದೆ ಸೊರಗಿದ ಮರ ಇವುಗಳ ಬಗ್ಗೆ ಸ್ವಲ್ಪ ಕಾಳಜಿ ಬೇಕು. ಎಲೆ ಸಂಖ್ಯೆಯೇ ಕಡಿಮೆ ಇದ್ದಾಗ ಒಂದೊಂದು ಎಲೆಗೂ ಬೆಲೆ ಇದೆ. ಅಂಥ ಗಿಡಕ್ಕೆ ಬುಡದಲ್ಲಿ ನೀರು ಸರಿಯಾಗಿ ಸಿಗುವಂತೆ ನೋಡಿಕೊಂಡರೆ ಔಷಧಿಗಿಂತ ಹೆಚ್ಚು ಉಪಕಾರ.

ಸರಿ, ಈಗ ಹೇಳಿ. ಏನು ಸಿಂಪಡಿಸಬೇಕು?

ನನ್ನ ಕೇಳಿದರೆ, ಏನೂ ಬೇಡ.

ಮೊದಲನೆಯದು, ಮೇಲೆ ಹೊಡೆದ ಔಷಧಿ ಹುಳುವಿಗೆ ತಾಗುವುದಿಲ್ಲ. ಅದು ಎರಡು ಸಿಪ್ಪೆಗಳ ನಡುವೆ ಬೆಚ್ಚಗೆ ಕೂತಿದೆ. ಎರಡನೆಯದು, ಕಂದು ಕಲೆ ನೋಡಿ ನೀವು ಪಂಪು ಎತ್ತಿಕೊಳ್ಳುವ ಹೊತ್ತಿಗೆ ಎಲೆ ಖಾಲಿ. ಖಾಲಿ ಮನೆಗೆ ವಿಷ ಹೊಡೆದ ಹಾಗೆ ಆಗುತ್ತದೆ, ಸಾಯುವುದು ಹುಳುವನ್ನು ಹುಡುಕಿಕೊಂಡು ಬಂದ ಕಣಜಗಳು.

"ಸಾವಯವ" ಅಂತ ಬಿಟಿ (ಹುಳು ಕೊಲ್ಲುವ ಒಂದು ಬ್ಯಾಕ್ಟೀರಿಯಾದಿಂದ ಮಾಡಿದ್ದು) ಪುಡಿ ಹೊಡೆಯುವವರಿದ್ದಾರೆ. ಸಾಮಾನ್ಯವಾಗಿ ಮಾರುವ ಬಿಟಿ ಕುರ್ಸ್ಟಾಕಿ ಚಿಟ್ಟೆ ಮತ್ತು ಪತಂಗದ ಹುಳುಗಳಿಗೆ ಕೆಲಸ ಮಾಡುತ್ತದೆ. ಗರಗಸ ನೊಣದ ಹುಳು ನೋಡೋಕೆ ಕಂಬಳಿಹುಳುವಿನ ಹಾಗಿದ್ದರೂ ಅದು ಬೇರೆ ಬಳಗ. ಬಿಟಿ ಅದಕ್ಕೆ ಏನೂ ಮಾಡುವುದಿಲ್ಲ. ಎಲೆಯ ಹೊರಗೆ ತಿನ್ನುವ ಗರಗಸ ನೊಣಗಳಿಗೂ ಇದೇ ಮಾತು. ಅಲ್ಲಿ ಗುರುತಿಸುವ ಉಪಾಯ ಸುಲಭ: ಹೊಟ್ಟೆಯ ಕೆಳಗಿನ ಮೆತ್ತನೆ ಕಾಲುಗಳನ್ನು ಎಣಿಸಿ. ಐದು ಜೊತೆ ಅಥವಾ ಕಮ್ಮಿ ಇದ್ದರೆ ಚಿಟ್ಟೆ, ಪತಂಗದ್ದು. ಆರು ಅಥವಾ ಜಾಸ್ತಿ ಇದ್ದರೆ ಗರಗಸ ನೊಣ.

ಉಳಿದದ್ದು ಮರದ ರಸದ ಜೊತೆ ಎಲೆಗೆ ಏರುವ ಅಂತರ್ವ್ಯಾಪಿ ಕೀಟನಾಶಕಗಳು. ಇವು ಎಲೆಯೊಳಗಿನ ಹುಳುವನ್ನು ತಲುಪುತ್ತವೆ, ನಿಜ. ಆದರೆ ಎಲೆಯ ಅಂದಗೆಟ್ಟಿತು ಅನ್ನುವ ಒಂದೇ ಕಾರಣಕ್ಕೆ ದೊಡ್ಡ ಮರಕ್ಕೆ ಇದನ್ನು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಇಮಿಡಾಕ್ಲೋಪ್ರಿಡ್ ತರಹದ ಔಷಧಿಗಳನ್ನು ಹೊರಾಂಗಣದಲ್ಲಿ ಬಳಸುವುದಕ್ಕೆ ಯೂರೋಪಿಯನ್ ಒಕ್ಕೂಟ 2018ರಲ್ಲಿ ಕಡಿವಾಣ ಹಾಕಿತು, ಮುಖ್ಯ ಕಾರಣ ಜೇನು. "ಪಾಪ್ಲರ್ ಹೂವಿಗೆ ಜೇನು ಬರುವುದಿಲ್ಲ, ಅದು ಗಾಳಿಯಿಂದ ಪರಾಗ ಹರಡುವ ಮರ" ಅಂತ ಕೆಲವರು ವಾದ ಮಾಡುತ್ತಾರೆ. ಹೂವಿನ ಮಕರಂದಕ್ಕೆ ಬರುವುದಿಲ್ಲ, ಒಪ್ಪೋಣ. ಆದರೆ ಪಾಪ್ಲರ್ ಮೊಗ್ಗಿನ ಮೇಲೆ ಅಂಟಂಟಾದ, ಸುವಾಸನೆಯ ಒಂದು ಅಂಟು ಇರುತ್ತದೆ. ಯೂರೋಪಿನ ಜೇನುಹುಳುಗಳು ಗೂಡಿನ ಬಿರುಕು ಮುಚ್ಚಲು ಬಳಸುವ ಪ್ರೊಪೊಲಿಸ್‌ಗೆ ಮುಖ್ಯ ಮೂಲವೇ ಅದು. ಹಾಗಾಗಿ ಆ ಮರಕ್ಕೂ ಜೇನಿಗೂ ಸಂಬಂಧವೇ ಇಲ್ಲ ಅನ್ನುವ ಹಾಗಿಲ್ಲ.

ಸಣ್ಣ ಸಸಿಗಳಾದರೆ ಕೈಯೇ ಒಳ್ಳೆಯ ಔಷಧಿ. ಕಲೆ ಇನ್ನೂ ಬಿಳಿಚಿಕೊಂಡಿರುವಾಗ ಹುಳು ಇರುವ ಜಾಗವನ್ನು ಎರಡು ಬೆರಳಿನ ನಡುವೆ ಒತ್ತಿಬಿಟ್ಟರೆ ಮುಗಿಯಿತು. ಎಲೆ ಕೀಳುವುದೂ ಬೇಡ.

ಉದುರಿದ ಎಲೆ ಗುಡಿಸಿ ಸುಟ್ಟರೆ ಮುಂದಿನ ವರ್ಷ ಕಮ್ಮಿಯಾಗುತ್ತದಾ?

ಈ ಕೀಟದ ಮಟ್ಟಿಗೆ ಇಲ್ಲ. ಹುಳು ಎಲೆ ಉದುರುವುದಕ್ಕೆ ಎಷ್ಟೋ ಮೊದಲೇ ಮಣ್ಣಿಗೆ ಹೋಗಿರುತ್ತದೆ. ಹಾರ್ಸ್ ಚೆಸ್ಟ್‌ನಟ್ ಮರದ ಎಲೆ ಕೊರೆಯುವ ಪತಂಗಕ್ಕೆ ಎಲೆ ಗುಡಿಸುವ ಸಲಹೆ ಕೊಡುತ್ತಾರೆ, ಅಲ್ಲಿ ಅದು ಕೆಲಸ ಮಾಡುತ್ತದೆ, ಯಾಕೆಂದರೆ ಅದರ ಕೋಶ ಉದುರಿದ ಎಲೆಯಲ್ಲೇ ಚಳಿಗಾಲ ಕಳೆಯುತ್ತದೆ. ಆ ಸಲಹೆಯನ್ನು ಎತ್ತಿ ತಂದು ಎಲ್ಲ ಮರಕ್ಕೂ ಅಂಟಿಸಿದ್ದರಿಂದ ಬಂದ ಗೊಂದಲ ಇದು. ಮಾರ್ಸೊನಿನಾ ರೋಗ ಇದ್ದರೆ ಮಾತ್ರ ಎಲೆ ಗುಡಿಸಿ, ಅದರ ಬೀಜಕಣ ಬಿದ್ದ ಎಲೆಯಲ್ಲಿ ಉಳಿಯುತ್ತದೆ.

ಪಕ್ಕದ ಹಣ್ಣಿನ ಗಿಡ, ಗುಲಾಬಿಗೆ ಹರಡುತ್ತದಾ?

ಇಲ್ಲ. ಈ ಜಾತಿಗಳಿಗೆ ಪಾಪ್ಲರ್ ಬಿಟ್ಟು ಬೇರೆ ಗೊತ್ತಿಲ್ಲ. ಬರ್ಚ್, ಎಲ್ಮ್, ಆಲ್ಡರ್ ಮರಗಳಿಗೆ ಇದೇ ಬಳಗದ ಬೇರೆ ಬೇರೆ ಜಾತಿಗಳಿವೆ, ಅವು ಪಾಪ್ಲರ್‌ಗೆ ಬರುವುದಿಲ್ಲ. ಪಕ್ಕದ ಗಿಡದಲ್ಲೂ ಕಲೆ ಇದ್ದರೆ ಅಲ್ಲಿ ಬೇರೆ ಯಾರೋ ಇದ್ದಾರೆ.

ಇದನ್ನು ತಿನ್ನುವವರು ಯಾರೂ ಇಲ್ಲವಾ?

ತುಂಬ ಜನ ಇದ್ದಾರೆ. ಎಲೆಯೊಳಗೆ ಇದ್ದರೆ ಬಿಸಿಲು, ಮಳೆಯಿಂದ ರಕ್ಷಣೆ ಸಿಗಬಹುದು. ಆದರೆ ಓಡಿ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಯುಲೋಫಿಡೆ ಕುಟುಂಬದ ಕಣಜಗಳು, ಒಂದೆರಡು ಮಿಲಿಮೀಟರ್ ಉದ್ದದವು, ಹೆಚ್ಚಿನವು ಹೊಳೆಯುವ ಹಸಿರು ಮೈಯವು, ಎಲೆಯ ಮೇಲೆ ಓಡಾಡಿ ಕಲೆಯನ್ನು ತಡವಿ ನೋಡಿ, ಸಿಪ್ಪೆಯ ಮೂಲಕವೇ ಸೂಜಿ ಚುಚ್ಚಿ ಹುಳುವಿನ ಮೇಲೆ ಮೊಟ್ಟೆ ಇಡುತ್ತವೆ. ಪುಟ್ಟ ಹಕ್ಕಿಗಳು ಕಲೆಯನ್ನು ಸೀಳಿ ಹುಳು ಹೆಕ್ಕುತ್ತವೆ. ಮಣ್ಣಿಗೆ ಬಿದ್ದ ಮೇಲೆ ಇರುವೆಗಳೂ, ನೆಲದ ಜೀರುಂಡೆಗಳೂ ಬಿಡುವುದಿಲ್ಲ.

ಇವುಗಳ ಬೆಲೆ ಗೊತ್ತಾಗುವುದು ಇವು ಇಲ್ಲದ ಕಡೆ. ಬರ್ಚ್ ಎಲೆ ಕೊರೆಯುವ ಗರಗಸ ನೊಣಗಳು ಯೂರೋಪಿನಿಂದ ಉತ್ತರ ಅಮೆರಿಕಕ್ಕೆ ಹೋದವು. ಫೆನೂಸಾ ಪ್ಯುಮಿಲಾ ಅನ್ನುವುದು 1923ರಲ್ಲಿ ಕನೆಕ್ಟಿಕಟ್‌ನಲ್ಲಿ ಕಾಣಿಸಿಕೊಂಡಿತು. ಶತ್ರುಗಳನ್ನು ಹಿಂದೆ ಬಿಟ್ಟು ಬಂದಿದ್ದರಿಂದ ವಿಪರೀತ ಹೆಚ್ಚಿದವು. ಅವುಗಳಲ್ಲೇ ಇನ್ನೊಂದು, ಪ್ರೊಫೆನೂಸಾ ಥಾಮ್ಸೋನಿ, ಅಲಾಸ್ಕಾದ ಆಂಕರೇಜ್ ನಗರದ ಬರ್ಚ್ ಮರಗಳನ್ನು ಕಂದಾಗಿಸಿತು. ಈ ಜಾತಿಯಲ್ಲಿ ಗಂಡೇ ಬೇಕಿಲ್ಲ, ಹೆಣ್ಣುಗಳೇ ಮೊಟ್ಟೆ ಇಟ್ಟು ಹೆಣ್ಣುಗಳನ್ನೇ ಹುಟ್ಟಿಸುತ್ತವೆ. ಎಲ್ಲಿಂದಲೋ ಒಂದು ಹುಳು ಮಣ್ಣಿನ ಜೊತೆ ಬಂದರೂ ಊರೆಲ್ಲ ಹಬ್ಬಲು ಸಾಕು. ಕೆನಡಾದಿಂದ ಲ್ಯಾಥ್ರೋಲೆಸ್ಟಿಸ್ ಅನ್ನುವ ಪರಾವಲಂಬಿ ಕಣಜ ತಂದು 2004ರಿಂದ ಕೆಲವು ವರ್ಷ ಅಲ್ಲಿ ಬಿಟ್ಟರು. ಕೆನಡಾದ ಎಡ್ಮಂಟನ್ ನಗರದಲ್ಲಿ ಇದೇ ಕೀಟವನ್ನು ಹತೋಟಿಗೆ ತಂದದ್ದು ಇಂಥದೇ ಕಣಜ.

ಪಾಪ್ಲರ್‌ನ ಫೆನುಸೆಲ್ಲಾ ತನ್ನ ಸ್ವಂತ ನೆಲದಲ್ಲಿ ಹಾಗೆ ಕೈಮೀರಿ ಹೋಗದಿರಲು ಇಂಥ ಶತ್ರುಗಳೇ ದೊಡ್ಡ ಕಾರಣ. ಸಿಂಪಡಣೆಗೆ ನಾನು ಬೇಡ ಅನ್ನುವುದೂ ಇದಕ್ಕೇ.

ಈ ವರ್ಷ ಜಾಸ್ತಿ, ಹೋದ ವರ್ಷ ಇರಲೇ ಇಲ್ಲ. ಯಾಕೆ ಹೀಗೆ?

ಮೊಗ್ಗು ಒಡೆಯುವುದು ಮತ್ತು ಕೀಟ ಮಣ್ಣಿನಿಂದ ಏಳುವುದು ಎಷ್ಟು ಚೆನ್ನಾಗಿ ಕೂಡಿಬಂತು ಅನ್ನುವುದು ಒಂದು. ಪರಾವಲಂಬಿಗಳು ಎಷ್ಟಿದ್ದವು ಅನ್ನುವುದು ಇನ್ನೊಂದು. ಒಂದೇ ಸಾಲಿನ ಎರಡು ಮರಗಳಲ್ಲೂ ವ್ಯತ್ಯಾಸ ಇರುತ್ತದೆ. ಮೂರು ದಿನ ತಡವಾಗಿ ಚಿಗುರಿದ ಮರ ಪೂರ್ತಿ ಬಚಾವಾಗಿರಬಹುದು.

ಎಲೆಯಲ್ಲಿ ತೂತು ಇದೆ, ತೂತಿನ ಸುತ್ತ ಬಿಳಿ ಮುಳ್ಳಿನ ಬೇಲಿ ತರಹ ಏನೋ ಇದೆ. ಇದೂ ಅದೇನಾ?

ಅಲ್ಲ, ಆದರೆ ನೀವು ಅದೃಷ್ಟವಂತರು! ಅದು ಸ್ಟೌರೊನೆಮಾಟಸ್ ಅನ್ನುವ ಇನ್ನೊಂದು ಗರಗಸ ನೊಣದ ಹುಳು. ಎಲೆಯ ಹೊರಗೇ ಇದ್ದು ತಿನ್ನುತ್ತದೆ. ತಾನು ತಿನ್ನುವ ಜಾಗದ ಸುತ್ತ ಬಾಯಿಂದ ನೊರೆ ಬಿಟ್ಟು, ಅದು ಒಣಗಿ ಗಟ್ಟಿಯಾದಾಗ ಸಾಲಾಗಿ ನಿಂತ ಪುಟ್ಟ ಗೂಟಗಳಾಗುತ್ತವೆ. ಹಸಿರು ಹುಳು ಬೇಲಿಯೊಳಗೆ ಎಲೆಯ ಅಂಚಿಗೆ ಒತ್ತಿಕೊಂಡು ಕೂತಿರುತ್ತದೆ. ಹತ್ತಿರದಿಂದ ಒಂದು ಫೋಟೋ ತೆಗೆಯದೆ ಬರಬೇಡಿ.

ಹುಳು ಸಾಕಿ, ದೊಡ್ಡ ಕೀಟ ಬರುವುದನ್ನು ನೋಡಬಹುದಾ?

ನೋಡಬಹುದು, ಒಂದು ವರ್ಷ ಕಾಯುವ ತಾಳ್ಮೆ ಇದ್ದರೆ. ಹುಳು ದೊಡ್ಡದಾಗಿರುವ ಎಲೆಯನ್ನು ರೆಂಬೆಯ ತುಂಡಿನ ಸಮೇತ ಕಿತ್ತು ನೀರಿನಲ್ಲಿಡಿ. ಬರೀ ಎಲೆಯಾದರೆ ಬೇಗ ಬಾಡಿ ಹುಳು ಸಾಯುತ್ತದೆ. ಕೆಳಗೆ ಒಂದು ಡಬ್ಬದಲ್ಲಿ ಸ್ವಲ್ಪ ತೇವ ಇರುವ ಸಡಿಲ ಮಣ್ಣು ಹಾಕಿ. ಹುಳು ತಾನೇ ಇಳಿದು ಮಣ್ಣು ಸೇರುತ್ತದೆ.

ಇನ್ನು ಕಷ್ಟದ ಭಾಗ. ಆ ಡಬ್ಬವನ್ನು ಬೆಚ್ಚಗಿನ ಕೋಣೆಯಲ್ಲಿ ಇಡಬೇಡಿ. ಹುಳುವಿಗೆ ನಿಜವಾದ ಚಳಿಗಾಲ ಬೇಕು, ಚಳಿ ತಾಗದಿದ್ದರೆ ವಸಂತ ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹೊರಗೆ, ನೇರ ಬಿಸಿಲು ಮಳೆ ತಾಗದ ಜಾಗದಲ್ಲಿ ಇಡಿ. ಮಣ್ಣು ಪೂರ್ತಿ ಒಣಗಿದರೆ ಹುಳು ಒಣಗುತ್ತದೆ, ಜಾಸ್ತಿ ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ. ಡಬ್ಬದ ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ದಿನಾಂಕ ಮತ್ತು ಮರದ ಹೆಸರು ಬರೆದ ಚೀಟಿ ಅಂಟಿಸಿ.

ಮೊಗ್ಗು ಒಡೆಯುವ ಸಮಯಕ್ಕೆ ದಿನಾ ಒಮ್ಮೆ ನೋಡಿ. ಡಬ್ಬದಲ್ಲಿ ಕಾಣಿಸುವ ಮೊದಲ ಕೀಟ ಗರಗಸ ನೊಣವೇ ಆಗಿರಬೇಕು ಅಂತೇನಿಲ್ಲ. ಸಪೂರ ಸೊಂಟದ್ದು ಹಾರಿಬಂದರೆ ಅದು ಪರಾವಲಂಬಿ ಕಣಜ. ಅದನ್ನು ಎಸೆಯಬೇಡಿ, ಬೇರೆ ಸೀಸೆಯಲ್ಲಿ ಅದೇ ಚೀಟಿಯ ಜೊತೆ ಇಡಿ. ಎಲೆ ಕೊರೆಯುವ ಗರಗಸ ನೊಣಗಳ ಮೇಲೆ ಯಾವ ಕಣಜ ಬದುಕುತ್ತದೆ ಅನ್ನುವ ಮಾಹಿತಿ ಸಿಗುವುದು ಹೀಗೆ ಸಾಕಿದವರ ಡಬ್ಬಗಳಿಂದಲೇ.

ತಜ್ಞರಿಗೆ ತೋರಿಸಲು ಫೋಟೋ ಹೇಗೆ ತೆಗೆಯಬೇಕು?

ಒಂದೇ ಫೋಟೋ ಸಾಲದು. ಎಲೆಯ ಮೇಲ್ಭಾಗ, ಕೆಳಭಾಗ, ಆಮೇಲೆ ಬೆಳಕಿಗೆ ಹಿಡಿದು ಒಳಗಿನ ಹುಳು ಮತ್ತು ಹಿಕ್ಕೆ ಕಾಣುವಂತೆ ಒಂದು. ಎಲೆ ಪೂರ್ತಿ, ತೊಟ್ಟಿನ ಸಮೇತ ಇರಲಿ, ಮರ ಯಾವುದು ಅಂತ ಅವರಿಗೂ ಗೊತ್ತಾಗಬೇಕಲ್ಲ. ಹುಳುವನ್ನು ಹೊರಗೆ ತೆಗೆಯಲು ಮನಸ್ಸಿದ್ದರೆ ಸೂಜಿಯಿಂದ ಸಿಪ್ಪೆ ಬಿಡಿಸಿ, ಬೆನ್ನು ಮತ್ತು ಹೊಟ್ಟೆಯ ಕಡೆ ಎರಡೂ ತೆಗೆಯಿರಿ. ಹೊಟ್ಟೆಯ ಕಡೆಯದ್ದು ಮುಖ್ಯ, ಈ ಬಳಗದ ಹಲವು ಜಾತಿಗಳ ಹುಳುಗಳಿಗೆ ಎದೆಯ ಕೆಳಗೆ ಕಪ್ಪು ಅಥವಾ ಕಂದು ಮಚ್ಚೆಗಳಿರುತ್ತವೆ. ಅವುಗಳ ಆಕಾರ ನೋಡಿ ಜಾತಿ ಹೇಳುವುದುಂಟು. ಕೊನೆಯ ಸಲ ಪೊರೆ ಬಿಟ್ಟ ಮೇಲೆ ಆ ಮಚ್ಚೆ ಮಾಯವಾಗಬಹುದು, ಆದ್ದರಿಂದ ಇನ್ನೂ ತಿನ್ನುತ್ತಿರುವ ಹುಳುವನ್ನೇ ಆರಿಸಿ. ತಾರೀಖು ಬರೆಯಲು ಮರೆಯಬೇಡಿ.